ನಿಮ್ಮ ನಾಯಕರ ವಿಕಿಪೀಡಿಯ ಪುಟದಿಂದ ಏನು ಅಳಿಸಿದ್ದಾರೆ?

[ಪರದೆಯಲ್ಲಿ: "ಧೀಮಂತ ನಾಯಕ, ಬಡವರ ಬಂಧು, ಅಭಿವೃದ್ಧಿಯ ಹರಿಕಾರ"]

ನಮಸ್ಕಾರ. ಈ ಸಾಲು ಫ್ಲೆಕ್ಸ್ ಮೇಲಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಿಕಿಪೀಡಿಯದ ಪುಟದಲ್ಲಿದ್ದರೆ ಯಾರಾದರೂ ಕಂಡು ತೆಗೆಯುತ್ತಾರೆ. ಹೊಗಳಿಕೆ ಎದ್ದು ಕಾಣುತ್ತದೆ, ಅಲ್ವಾ? ನನಗೆ ಜಾಸ್ತಿ ಚಿಂತೆ ಇರುವುದು ಸದ್ದಿಲ್ಲದೆ ಅಳಿಸಿಹೋಗುವ ಸಾಲುಗಳ ಬಗ್ಗೆ. ಅಲ್ಲೊಂದು ಸಾಲು ಇತ್ತು ಅನ್ನುವುದೇ ಓದುವವರಿಗೆ ಗೊತ್ತಾಗುವುದಿಲ್ಲ.

ಅಮೆರಿಕದ ಮಾರ್ಟಿ ಮೀಹನ್ ಅವರ ಪುಟವನ್ನೇ ನೋಡಿ. ಮ್ಯಾಸಚೂಸೆಟ್ಸ್‌ನವರು. 1992ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಗೆ ಮೊದಲ ಸಲ ಗೆದ್ದರು. ನಾಲ್ಕು ಅವಧಿ ಮುಗಿದರೆ ಸಾಕು, ಮತ್ತೆ ನಿಲ್ಲುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಆದರೆ ಐದನೇ ಸಲವೂ ನಿಂತರು, ಗೆದ್ದರು. ಈ ಮಾತು ಅವರ ವಿಕಿಪೀಡಿಯ ಪುಟದಲ್ಲಿ ದಾಖಲಾಗಿತ್ತು.

2005ರ ಜುಲೈನಲ್ಲಿ ಅವರ ಕಚೇರಿಯವರೇ ಆ ಬರಹ ತೆಗೆದು, ತಾವು ಬರೆದ ಪರಿಚಯ ಹಾಕಿದರು. ಕೊಟ್ಟ ಮಾತು ಮಾಯ. ಅವರ ಚುನಾವಣಾ ನಿಧಿ ಎಷ್ಟು ದೊಡ್ಡದು ಅನ್ನುವ ವಿಷಯವೂ ಮಾಯ. ಗಮನಿಸಿ, ಇಂಥ ಕಡೆ ಒಂದೇ ಒಂದು ಸುಳ್ಳು ಬರೆಯಬೇಕಾಗಿಲ್ಲ. ಮತ ಹಾಕುವವರಿಗೆ ಬೇಕಾದ ನಿಜ ಒಂದನ್ನು ತೆಗೆದರೆ ಸಾಕು, ಪುಟ ವಾಲಿಬಿಡುತ್ತದೆ.

2006ರ ಜನವರಿಯಲ್ಲಿ ಅವರದೇ ಕ್ಷೇತ್ರದ ಲೋವೆಲ್ ಊರಿನ ಪತ್ರಿಕೆ ಇದನ್ನು ಬಯಲು ಮಾಡಿತು. ವಿಕಿಪೀಡಿಯದಲ್ಲಿ ಪ್ರತಿ ಬದಲಾವಣೆಯೂ ಉಳಿಯುತ್ತದೆ. ಆಗೆಲ್ಲ ಲಾಗಿನ್ ಆಗದೆ ತಿದ್ದಿದರೆ ಐಪಿ ವಿಳಾಸ, ಅಂದರೆ ಯಾವ ಇಂಟರ್‌ನೆಟ್ ಸಂಪರ್ಕದಿಂದ ತಿದ್ದಿದ್ದು ಅಂತ ತೋರಿಸುವ ಸಂಖ್ಯೆ, ಎಲ್ಲರಿಗೂ ಕಾಣುತ್ತಿತ್ತು. ವಿಕಿಪೀಡಿಯದ ಸಂಪಾದಕರು ಹುಡುಕಿದಾಗ ಸಂಸತ್ತಿನ ಕಂಪ್ಯೂಟರ್‌ಗಳಿಂದ ಇನ್ನೂ ಎಷ್ಟೋ ಪುಟಗಳು ಬದಲಾಗಿದ್ದು ಸಿಕ್ಕಿತು.

[ಪರದೆಯಲ್ಲಿ: ಪುಟದ ಮೇಲಿರುವ "ಇತಿಹಾಸ" ಟ್ಯಾಬ್]

ಹಾಗಂತ ಅಳಿಸಿದ್ದೆಲ್ಲ ತಪ್ಪಲ್ಲ. ಅದೇ 2005ರಲ್ಲಿ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಮತ್ತು ಅವರ ತಮ್ಮ ರಾಬರ್ಟ್ ಅವರ ಕೊಲೆಯಲ್ಲಿ ಅವರ ಮೇಲೂ ಶಂಕೆ ಇತ್ತು ಅಂತ ಯಾರೋ ಸುಳ್ಳು ಬರೆದಿದ್ದರು. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಬದುಕಿರುವವರ ಮೇಲೆ ಆಧಾರವಿಲ್ಲದ ಆರೋಪ ಕಂಡರೆ ತಕ್ಷಣ ತೆಗೆಯಬೇಕು ಅನ್ನುವುದು ಈಗ ಅಲ್ಲಿನ ನಿಯಮ.

ವಿಕಿಪೀಡಿಯದ ಪುಟ ತಟಸ್ಥವಾಗಿರಬೇಕು. ತಟಸ್ಥ ಅಂದರೆ ಅರ್ಧ ಹೊಗಳಿಕೆ, ಅರ್ಧ ತೆಗಳಿಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ನಂಬುವಂಥ ಪತ್ರಿಕೆ, ಪುಸ್ತಕಗಳು ಒಂದು ವಿಷಯಕ್ಕೆ ಎಷ್ಟು ಜಾಗ ಕೊಟ್ಟಿವೆಯೋ ಪುಟದಲ್ಲೂ ಅದಕ್ಕೆ ಹೆಚ್ಚು ಕಡಿಮೆ ಅಷ್ಟೇ ತೂಕ. ಮೂವತ್ತು ವರ್ಷದ ರಾಜಕೀಯದಲ್ಲಿ ಒಂದು ವಾರದ ಜಗಳ ಅರ್ಧ ಪುಟ ತಿಂದರೆ, ಅದು ನಿಜವೇ ಇದ್ದರೂ ನ್ಯಾಯವಲ್ಲ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಇಂಗ್ಲಿಷ್‌ನಷ್ಟು ಕಾವಲು ಕಣ್ಣುಗಳು ಇಲ್ಲಿಲ್ಲ. ಅದಕ್ಕೇ ನಿಮ್ಮ ಶಾಸಕರ, ಸಂಸದರ ಪುಟ ಇವತ್ತೇ ತೆರೆಯಿರಿ. ಇತಿಹಾಸ ಒತ್ತಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಧಾರ ಇದ್ದೂ ಸಾಲು ಹೋಗಿದ್ದರೆ "ಚರ್ಚೆ" ಪುಟದಲ್ಲಿ ಕೇಳಿ, ಪತ್ರಿಕೆಯ ಕೊಂಡಿ ಹಾಕಿ. ನೀವು ಆ ನಾಯಕರ ಕಚೇರಿಯಲ್ಲೇ ಸಂಬಳಕ್ಕೆ ಕೆಲಸ ಮಾಡುವವರಾ? ಹಾಗಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ದುಡ್ಡು ಪಡೆದು ತಿದ್ದುವವರು ಅದನ್ನು ಬಹಿರಂಗವಾಗಿ ತಿಳಿಸಲೇಬೇಕು ಅಂತ 2014ರಿಂದ ವಿಕಿಪೀಡಿಯದ ಷರತ್ತೇ ಇದೆ.