ಕೇಳುವವರನ್ನು ಕೇಳಿದಿರಾ?

ಕೇಳುಗ ಬಂಧುಗಳಿಗೆ ನಮಸ್ಕಾರ. ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಿರುವ ತಾಯಂದಿರಿಗೆ, ಅಂಗಡಿಯ ಬಾಗಿಲು ತೆರೆದು ಬೋಣಿಗೆಗೆ ಕಾಯುತ್ತಿರುವ ಅಣ್ಣಂದಿರಿಗೆ, ತೋಟದಲ್ಲಿ ನೀರು ಹಾಯಿಸುತ್ತಿರುವ ರೈತರಿಗೆ, ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕೆಲವು ಕಾಲೇಜುಗಳು ತಮ್ಮ ಬಾನುಲಿ ಕೇಂದ್ರಗಳನ್ನು ಮಾರಲು ಹೊರಟಾಗ ಊರಿನವರು ಅಡ್ಡ ನಿಂತ ಕಥೆಯನ್ನು ಹೇಳಲು ನನ್ನನ್ನು ಇಂದು ಕರೆದಿದ್ದಾರೆ. ದೂರದ ಅಮೆರಿಕದ ಮಾತು ನಮಗೇಕೆ ಎಂದು ರೇಡಿಯೋದ ಕಿವಿ ತಿರುಗಿಸಬೇಡಿ. ನಾನು ಹೇಳುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಕೇಳುವವರನ್ನು ಕೇಳದೆ ಬಾನುಲಿಯನ್ನು ಮಾರಬಾರದು.

2011ರ ಜನವರಿ 18, ಮಂಗಳವಾರ. ಸ್ಯಾನ್ ಫ್ರಾನ್ಸಿಸ್ಕೋ ನಗರ. ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಕೆ.ಯು.ಎಸ್.ಎಫ್. ಎಂಬ ಕೇಂದ್ರ 1977ರಿಂದ 90.3 ಎಫ್‌ಎಂನಲ್ಲಿ ಬಿತ್ತರವಾಗುತ್ತಿತ್ತು. ವಿದ್ಯಾರ್ಥಿಗಳೂ ಊರಿನವರೂ ಸಂಬಳವಿಲ್ಲದೆ ದುಡಿದು ನಡೆಸುತ್ತಿದ್ದ ಕೇಂದ್ರ. ಬೇರೆಲ್ಲೂ ಕೇಳಸಿಗದ ಸಂಗೀತ, ಚೀನೀ ಭಾಷೆಯೂ ಸೇರಿದಂತೆ ಹಲವು ಭಾಷೆಗಳ ಕಾರ್ಯಕ್ರಮ ಅಲ್ಲಿತ್ತು. ಅಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅದು ನಿಂತುಹೋಯಿತು. ಮುನ್ಸೂಚನೆ ಇಲ್ಲ, ವಿದಾಯದ ಮಾತಿಲ್ಲ. ವಿಶ್ವವಿದ್ಯಾಲಯವು 37.5 ಲಕ್ಷ ಡಾಲರಿಗೆ, ಶಾಸ್ತ್ರೀಯ ಸಂಗೀತ ಬಿತ್ತರಿಸುವ ಒಂದು ಜಾಲಕ್ಕೆ ಆ ತರಂಗಾಂತರವನ್ನು ಮಾರಲು ಒಪ್ಪಂದ ಮಾಡಿಕೊಂಡಿತ್ತು. ವರ್ಷಗಟ್ಟಲೆ ಅಲ್ಲಿ ದುಡಿದವರಿಗೂ ಗೊತ್ತಿರಲಿಲ್ಲ, ಕೇಳುವವರಿಗಂತೂ ಗೊತ್ತೇ ಇರಲಿಲ್ಲ. ಮರುದಿನ ವಿಶ್ವವಿದ್ಯಾಲಯದ ಅಧ್ಯಕ್ಷರು ಕರೆದ ಸಭೆಗೆ ಜನ ಕಿಕ್ಕಿರಿದು ಬಂದು ಕೇಳಿದ್ದು ಇದನ್ನೇ: ಮಾರುವ ಮುಂಚೆ ನಮ್ಮನ್ನೇಕೆ ಕೇಳಲಿಲ್ಲ?

ಇಲ್ಲಿ ಮಾರಾಟವಾದದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟಡವನ್ನು ಮಾರಲಿಲ್ಲ, ಅದು ಕಾಲೇಜಿನ ಅಂಗಳದಲ್ಲೇ ಉಳಿಯಿತು. ಮಾರಾಟವಾದದ್ದು ರೇಡಿಯೋದ ಮುಳ್ಳು ಬಂದು ನಿಲ್ಲುವ ಆ ಜಾಗ, 90.3 ಎಂಬ ಅಂಕಿ. ಅಮೆರಿಕದಲ್ಲಿ ಎಫ್‌ಎಂನ 88ರಿಂದ 92ರವರೆಗಿನ ಜಾಗವನ್ನು ಲಾಭಕ್ಕಾಗಿ ನಡೆಸದ ಶಿಕ್ಷಣ ಕೇಂದ್ರಗಳಿಗೆಂದೇ ಮೀಸಲಿಟ್ಟಿದ್ದಾರೆ. ಅಲ್ಲಿನ ಸರ್ಕಾರದ ಸಂವಹನ ಆಯೋಗ ಪರವಾನಗಿ ಕೊಡುತ್ತದೆ. ಸಾರ್ವಜನಿಕರ ಹಿತಕ್ಕೆ ನಡೆಸಿ ಎಂದು ಕೊಟ್ಟದ್ದು ಅದು.

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಲು ಒಬ್ಬ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಜವಾಬ್ದಾರಿ. ಊರಿನವರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು, ಗೌರವವನ್ನೂ ಕೊಡುತ್ತಿದ್ದರು. ಆದರೆ ತೂಬು ತನ್ನ ಕೈಯಲ್ಲಿದೆ ಎಂದು ಒಂದು ದಿನ ಆ ನೀರುಗಂಟಿ ಕೆರೆಯನ್ನೇ ಪಕ್ಕದೂರಿಗೆ ಮಾರಿ ಬಂದರೆ ಅಚ್ಚುಕಟ್ಟಿನ ರೈತರು ಸುಮ್ಮನಿರುತ್ತಾರೆಯೇ? ಕಾಲೇಜು ನೀರುಗಂಟಿ, ಕೆರೆ ಊರಿನದು. ಇಷ್ಟು ಅರ್ಥವಾದರೆ ಸಾಕು, ಮಿಕ್ಕ ಕಾನೂನಿನ ಗೋಜು ನಿಮಗೆ ಬೇಡ.

ಈಗ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷ ನಾನು ನಮ್ಮ ರಾಜ್ಯದ ಒಂದು ಕಾಲೇಜಿನ ಸಮುದಾಯ ಬಾನುಲಿಯನ್ನು ನೋಡಿಕೊಳ್ಳುತ್ತಿದ್ದೆ. ನಮ್ಮ ದೇಶದಲ್ಲಿ ಇಂಥ ಕೇಂದ್ರಗಳ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಸುಮಾರು ಹತ್ತು ಕಿಲೋಮೀಟರ್ ದೂರದವರೆಗೆ ಕೇಳುತ್ತದೆ. ಒಮ್ಮೆ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸುತ್ತೇವೆ ಎಂದು ಆಡಳಿತದವರು ಮೂರು ದಿನ ಟ್ರಾನ್ಸ್‌ಮಿಟರ್ ನಿಲ್ಲಿಸಿದರು. ಮುಂಚಿತವಾಗಿ ಒಂದು ಪ್ರಕಟಣೆ ಮಾಡೋಣ ಎಂದು ನಾನು ಹೇಳಿದೆ. "ಮೂರು ದಿನ ತಾನೇ, ಯಾರಿಗೆ ಗೊತ್ತಾಗುತ್ತದೆ" ಎಂದರು.

ಮೂರನೆಯ ದಿನ ಮಧ್ಯಾಹ್ನ ಕಾವಲುಗಾರ ಬಂದು, ಗೇಟಿನ ಹತ್ತಿರ ಯಾರೋ ಹಿರಿಯರು ರೇಡಿಯೋ ಹಿಡಿದುಕೊಂಡು ಬಂದಿದ್ದಾರೆ, ಎಷ್ಟು ಹೇಳಿದರೂ ಹೋಗುತ್ತಿಲ್ಲ ಎಂದ. ಹೋಗಿ ನೋಡಿದರೆ ಕೊರಳಲ್ಲಿ ಅಳತೆ ಟೇಪು, ಅಂಗಿಯ ಎದೆಯ ಮೇಲೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿ, ಬೆರಳ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಕಪ್ಪು. ಬಸ್ ನಿಲ್ದಾಣದ ಹಿಂದಿನ ಟೈಲರ್. ಕಂಕುಳಲ್ಲಿ ರೇಡಿಯೋ, ಅದರ ಹಿಂಬದಿಯ ಮುಚ್ಚಳ ಒಡೆದು ರಬ್ಬರ್ ಬ್ಯಾಂಡ್ ಸುತ್ತಿದ್ದರು.

"ಮೇಷ್ಟ್ರೇ, ಕೆಟ್ಟಿರುವುದು ನನ್ನ ರೇಡಿಯೋನೋ ನಿಮ್ಮದೋ? ಅಷ್ಟು ಹೇಳಿಬಿಡಿ, ಹೋಗುತ್ತೇನೆ" ಎಂದರು.

ವಿಚಾರಿಸಿದರೆ ಮೊದಲ ದಿನ ಸೆಲ್ ಬದಲಾಯಿಸಿದ್ದಾರೆ. ಎರಡನೆಯ ದಿನ ರಿಪೇರಿ ಅಂಗಡಿಗೆ ಕೊಟ್ಟಿದ್ದಾರೆ, ಅವನು ಎಲ್ಲವನ್ನೂ ಬಿಚ್ಚಿ ನೋಡಿ ಎಂಬತ್ತು ರೂಪಾಯಿ ತೆಗೆದುಕೊಂಡಿದ್ದಾನೆ. ಬೇರೆ ಕೇಂದ್ರಗಳೆಲ್ಲ ಕೇಳಿಸುತ್ತಿವೆ, ನಮ್ಮದು ಮಾತ್ರ ಇಲ್ಲ. ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ, ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರ್ ನಡೆದು ಬಂದಿದ್ದಾರೆ. ನಾನು ಕಾರಣ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ನನ್ನ ಹತ್ತಿರ ಬಟ್ಟೆ ಹೊಲಿಸುವವರಿಗೆ ಎರಡು ದಿನ ತಡವಾಗುತ್ತದೆ ಎಂದರೆ ನಾನು ಮೊದಲೇ ಹೇಳಿ ಕಳುಹಿಸುತ್ತೇನೆ" ಎಂದರು. ಅಷ್ಟೇ ಅವರು ಆಡಿದ ಮಾತು. ಎಂಬತ್ತು ರೂಪಾಯಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಟ್ರಾನ್ಸ್‌ಮಿಟರ್ ಇರುವ ಕೋಣೆಯನ್ನು ತೋರಿಸಿ ಎಂದರು, ತೋರಿಸಿದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು.

ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋದ ಆ ಬೆಳಿಗ್ಗೆಯನ್ನು ನೆನೆದಾಗಲೆಲ್ಲ ನನಗೆ ಕಾಣಿಸುವುದು ಕೆಟ್ಟಿಲ್ಲದ ರೇಡಿಯೋವನ್ನು ತಟ್ಟಿ ನೋಡುತ್ತಿರುವ ಕೈಗಳು. ಕಾರ್ಯಕ್ರಮಗಳು ಇನ್ನು ಮುಂದೆ ಅಂತರ್ಜಾಲದಲ್ಲಿ ಬರುತ್ತವೆ ಎಂದು ಅಲ್ಲಿ ಸಮಾಧಾನ ಹೇಳಿದರು. ಎಲ್ಲ ಕಡೆಯೂ ಇದನ್ನೇ ಹೇಳುತ್ತಾರೆ. ಆ ಟೈಲರ್ ಅವರ ರೇಡಿಯೋದಲ್ಲಿ ಅಂತರ್ಜಾಲ ಎಲ್ಲಿಂದ ಬರಬೇಕು? ಈ ಉತ್ತರ ಕೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಜನ ಆಯೋಗಕ್ಕೆ ತಕರಾರು ಅರ್ಜಿ ಕೊಟ್ಟರು, ಒಂದೂವರೆ ವರ್ಷ ಹೋರಾಡಿದರು. 2012ರ ಜೂನ್‌ನಲ್ಲಿ ಆಯೋಗ ಮಾರಾಟಕ್ಕೆ ಒಪ್ಪಿಗೆ ಕೊಟ್ಟುಬಿಟ್ಟಿತು.

ಸೋತ ಕಥೆಯನ್ನೇ ಹೇಳಿ ಹೋಗುವುದಿಲ್ಲ. ಅದೇ ದೇಶದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ಪಕ್ಕದಲ್ಲಿ ಟಕೋಮಾ ಎಂಬ ಊರಿದೆ. ಅಲ್ಲಿ ಪೆಸಿಫಿಕ್ ಲೂಥರನ್ ವಿಶ್ವವಿದ್ಯಾಲಯದ ಕೆ.ಪಿ.ಎಲ್.ಯು. ಕೇಂದ್ರ 88.5ರಲ್ಲಿ ಜಾಝ್, ಬ್ಲೂಸ್ ಸಂಗೀತವನ್ನೂ ಸುದ್ದಿಯನ್ನೂ ಬಿತ್ತರಿಸುತ್ತಿತ್ತು. 2015ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಮಾರುವುದಾಗಿ ಪ್ರಕಟಿಸಿತು. 70 ಲಕ್ಷ ಡಾಲರ್ ನಗದು, ಜೊತೆಗೆ ಮಾರುವ ವಿಶ್ವವಿದ್ಯಾಲಯದ ಪ್ರಕಟಣೆಗಳನ್ನು ಬಾನುಲಿಯಲ್ಲಿ ಬಿತ್ತರಿಸಲು 10 ಲಕ್ಷ ಡಾಲರ್ ಬೆಲೆಯ ಸಮಯ. ಕೊಳ್ಳುವವರಿಗೆ ಅದೇ ಊರಿನ ಸುತ್ತ ತಮ್ಮದೇ ಸುದ್ದಿ ಕೇಂದ್ರ ಇತ್ತು. 88.5ನ್ನು ಪೂರ್ತಿ ಜಾಝ್‌ಗೆ ಬಿಟ್ಟು ಸುದ್ದಿಯನ್ನೆಲ್ಲ ತಮ್ಮ ಕೇಂದ್ರದಿಂದಲೇ ಕೊಡುವುದು ಅವರ ಯೋಚನೆ.

ಆ ಊರಿನವರಿಗೆ ಬಂದ ಕೋಪ ಎಂಥದು! ಪ್ರತಿವರ್ಷ ಚಂದಾ ಕೊಟ್ಟು ಕೇಂದ್ರವನ್ನು ಸಾಕಿದವರು ಅವರು. ಸಭೆಗಳಲ್ಲಿ ಎದ್ದು ನಿಂತು ಅದನ್ನೇ ಹೇಳಿದರು. ಕೇಂದ್ರದ ಸಲಹಾ ಮಂಡಳಿಯೇ ಮಾರಾಟಕ್ಕೆ ವಿರುದ್ಧ ನಿಂತಿತು. ಕೊನೆಗೆ ಮಾರುವವರೂ ಕೊಳ್ಳುವವರೂ ಒಂದು ಮಾತಿಗೆ ಬಂದರು. 2016ರ ಜೂನ್ 30ರೊಳಗೆ ಊರಿನವರೇ 70 ಲಕ್ಷ ಡಾಲರ್ ಕೂಡಿಸಿದರೆ ಕೇಂದ್ರ ಅವರದೇ. ಆಗಿನ ಲೆಕ್ಕದಲ್ಲಿ ಅದು ಸುಮಾರು 47 ಕೋಟಿ ರೂಪಾಯಿ! ಜನವರಿಯಲ್ಲಿ ಹಣ ಕೂಡಿಸಲು ಆರಂಭಿಸಿದರು. ನಿಜ ಹೇಳುತ್ತೇನೆ, ದೂರದಲ್ಲಿ ಕುಳಿತು ಸುದ್ದಿ ಓದುತ್ತಿದ್ದ ನನಗೆ ಇದು ಆಗುತ್ತದೆ ಎಂಬ ನಂಬಿಕೆ ಇರಲಿಲ್ಲ. ಗಡುವಿಗೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಇರುವಾಗಲೇ, ಮೇ ತಿಂಗಳ ಕೊನೆಯ ವಾರದಲ್ಲಿ, ಹಣ ತುಂಬಿತು. ದೊಡ್ಡ ದಾನಿಗಳೂ ಇದ್ದರು, ಆದರೆ ಕೊಟ್ಟವರು ಸಾವಿರಾರು ಮಂದಿ. ಹಳೆಯ ಹೆಸರಿನಲ್ಲಿ ವಿಶ್ವವಿದ್ಯಾಲಯದ ಅಕ್ಷರಗಳು ಇದ್ದುದರಿಂದ ಹೆಸರು ಬದಲಾಯಿತು. ಆಗಸ್ಟ್ 31ರಿಂದ ಅದು ಕೆ.ಎನ್.ಕೆ.ಎಕ್ಸ್. ಆಯಿತು. ಅದೇ 88.5, ಮುಳ್ಳು ಕದಲಲಿಲ್ಲ. ಟಕೋಮಾದಲ್ಲಿ ಮೊದಲು ಪ್ರಕಟಿಸಿದರು, ಜನಕ್ಕೆ ಏಳು ತಿಂಗಳು ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಒಂದು ದಿನವೂ ಸಿಗಲಿಲ್ಲ. ಕೇಳುವವರನ್ನು ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಕೆ.ಟಿ.ಆರ್.ಯು. ಕೇಂದ್ರದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಓಡುತ್ತಿದೆ. ಅದರ ತರಂಗಾಂತರವನ್ನು 95 ಲಕ್ಷ ಡಾಲರಿಗೆ ಹೂಸ್ಟನ್ ವಿಶ್ವವಿದ್ಯಾಲಯಕ್ಕೆ ಮಾರುವ ತೀರ್ಮಾನ 2010ರ ಆಗಸ್ಟ್‌ನಲ್ಲಿ ಆಯಿತು. ಕೊಂಡವರು ಐದೇ ವರ್ಷದಲ್ಲಿ ಅದನ್ನು ಮತ್ತೊಬ್ಬರಿಗೆ ಮಾರಲು ಇಟ್ಟರು. ನ್ಯಾಶ್‌ವಿಲ್ ನಗರದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೇಂದ್ರವೂ 2011ರಲ್ಲಿ ಹಾಗೆಯೇ ಹೋಯಿತು.

ಕಾಲೇಜಿನ ಮೇಷ್ಟ್ರೊಬ್ಬರು ಬಾನುಲಿ ಕಟ್ಟಿದ ನಮ್ಮ ಮೈಸೂರಿನ ಮಾತನ್ನು ಮಾತ್ರ ಬಿಡಲಾರೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಆರಂಭಿಸಿದರು. ಆ ಕೇಂದ್ರಕ್ಕಿಟ್ಟ ಹೆಸರು 'ಆಕಾಶವಾಣಿ'. ಮುಂದೆ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, ಆ ಹೆಸರು ಇಡೀ ದೇಶದ ಬಾನುಲಿಗೇ ಹೆಸರಾಯಿತು.

ನಮ್ಮ ಸಮುದಾಯ ಬಾನುಲಿಯ ಪರವಾನಗಿಯನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ನಿಯಮ ಹಾಗಿದೆ. ಆದರೆ ಮುಚ್ಚಬಹುದು. ನಾನಿದ್ದ ಕೇಂದ್ರದಲ್ಲೂ ಒಮ್ಮೆ ಆ ಮಾತು ಬಂತು. "ಇದನ್ನು ಈಗ ಯಾರು ಕೇಳುತ್ತಾರೆ?" ಎಂದು ಸಭೆಯಲ್ಲಿ ಒಬ್ಬರು ಪ್ರಶ್ನಿಸಿದರು. ನನ್ನ ಹತ್ತಿರ ದಾರ ಕಟ್ಟಿದ ಒಂದು ಕಂತೆ ಅಂಚೆ ಕಾರ್ಡುಗಳಿದ್ದವು. ಅಂದು ಗೇಟಿಗೆ ಬಂದಿದ್ದ ಟೈಲರ್ ಅಂದಿನಿಂದ ತಿಂಗಳಿಗೊಂದು ಬರೆಯುತ್ತಿದ್ದರು. ಯಾವ ದಿನ, ಎಷ್ಟು ಗಂಟೆ, ಯಾವ ಕಾರ್ಯಕ್ರಮ, ಎಲ್ಲಿ ಕೊರಕೊರ ಸದ್ದು ಬಂತು, ಎಲ್ಲವೂ ಬಟ್ಟೆಯ ಅಳತೆ ಬರೆದ ಹಾಗೆ ಸಾಲುಸಾಲಾಗಿ. ಕಂತೆಯನ್ನು ಮೇಜಿನ ಮೇಲಿಟ್ಟೆ. ಅವರು ಒಂದೊಂದಾಗಿ ತಿರುವಿ ಓದಿದರು. ಮುಚ್ಚುವ ಮಾತು ಅಂದು ಮುಂದಕ್ಕೆ ಹೋಗಲಿಲ್ಲ.

ಕಾರ್ಡಿಗೆ ಐವತ್ತು ಪೈಸೆ. ನಿಮ್ಮ ಊರಿನ ಕಾಲೇಜಿನಲ್ಲಿ ಬಾನುಲಿ ಇದ್ದರೆ ಈ ವಾರವೇ ಒಂದು ಬರೆದು ಹಾಕಿ. ದಿನಾಂಕ, ಗಂಟೆ, ಕೇಳಿದ ಕಾರ್ಯಕ್ರಮದ ಹೆಸರು, ನಿಮ್ಮ ಹೆಸರು. ನಮಸ್ಕಾರ.