ಕಾಯಿನನ ಪರ ಅರ್ಥ ಹೇಳಿದ ಹುಡುಗ

ಅಧ್ಯಕ್ಷರೇ, ಸಾಹಿತ್ಯಾಸಕ್ತ ಬಂಧುಗಳೇ,

ನನಗೆ ಕೊಟ್ಟ ವಿಷಯ ‘ಕಾದಂಬರಿ, ಮನಶ್ಶಾಸ್ತ್ರ ಮತ್ತು ಪುರಾಣ’. ಮೂರೂ ಭಾರದ ಶಬ್ದಗಳು. ಕೊಟ್ಟ ಸಮಯ ಮುಕ್ಕಾಲು ಗಂಟೆ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಹೂಗುಚ್ಛ ಎಲ್ಲ ಮುಗಿಯುವಾಗ ಅದು ಅರ್ಧ ಗಂಟೆಗೆ ಇಳಿದಿದೆ. ಹಾಗಾಗಿ ಒಂದೇ ಕಾದಂಬರಿ ಹಿಡಿದುಕೊಳ್ಳುತ್ತೇನೆ: ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ‘ಡೆಮಿಯಾನ್’. ಒಮ್ಮೆ ಕಥೆಗೆ ಹೊರಟರೆ ನಾನು ವಾಪಸ್ ಬರುವುದು ಕಷ್ಟ, ಆದ್ದರಿಂದ ಹೇಳಬೇಕಾದ್ದನ್ನು ಈಗಲೇ ಹೇಳಿಬಿಡುತ್ತೇನೆ. ಇಂಥ ಪುಸ್ತಕವನ್ನು ದಯವಿಟ್ಟು ಮನಶ್ಶಾಸ್ತ್ರಜ್ಞ ಯೂಂಗ್ ಹೇಳಿದ ಆದಿರೂಪಗಳ, ಅಂದರೆ ಎಲ್ಲರ ಮನಸ್ಸಿನಲ್ಲೂ ಇರುವ ಮೂಲಚಿತ್ರಗಳ, ಪಟ್ಟಿ ಕೈಯಲ್ಲಿ ಹಿಡಿದು ಓದಬೇಡಿ. ಕಾದಂಬರಿಯ ಹುಡುಗ ಕ್ರೋಮರ್ ಅಂದರೆ ನೆರಳು, ನಾವು ಒಪ್ಪದ ನಮ್ಮದೇ ಕತ್ತಲು; ಡೆಮಿಯಾನನ ತಾಯಿ ಈವಾ ಅಂದರೆ ಅನಿಮಾ, ಗಂಡಿನ ಮನಸ್ಸಿನೊಳಗಿನ ಹೆಣ್ಣು; ಐದು ಅಂಕ. ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಪಟ್ಟಿ ಸುಳ್ಳು ಅಂತಲ್ಲ. 1916ರಲ್ಲಿ ಹೆಸ್ಸೆಯ ತಂದೆ ತೀರಿಕೊಂಡರು, ಕಿರಿಯ ಮಗ ಕಾಯಿಲೆ ಬಿದ್ದಿದ್ದ, ಹೆಂಡತಿಯ ಮನಸ್ಸು ಹದಗೆಡುತ್ತಿತ್ತು. ಹೆಸ್ಸೆ ಸ್ವಿಟ್ಜರ್‌ಲ್ಯಾಂಡಿನ ಲುಸೆರ್ನ್ ಪಕ್ಕದ ಒಂದು ಆರೋಗ್ಯಧಾಮ ಸೇರಿದರು. ಅಲ್ಲಿ ಸಿಕ್ಕವರು ಡಾಕ್ಟರ್ ಲಾಂಗ್, ಯೂಂಗ್‌ನ ಶಿಷ್ಯ. ಆ ಮಾತುಕತೆಗಳ ಬೆನ್ನಿಗೇ, 1917ರಲ್ಲಿ, ಕೆಲವೇ ವಾರಗಳಲ್ಲಿ ಈ ಕಾದಂಬರಿ ಬರೆದು ಮುಗಿಸಿದರು. 1919ರಲ್ಲಿ ಅಚ್ಚಾದಾಗ ಲೇಖಕನ ಹೆಸರು ಎಮಿಲ್ ಸಿಂಕ್ಲೇರ್, ಅಂದರೆ ಕಥಾನಾಯಕನದೇ ಹೆಸರು. ಯಾರೋ ಹೊಸ ಹುಡುಗ ಅಂದುಕೊಂಡು, ಹೊಸ ಲೇಖಕರಿಗೆಂದಿದ್ದ ಫೊಂಟಾನೆ ಬಹುಮಾನವನ್ನೂ ಕೊಟ್ಟರು. ನಲವತ್ತು ದಾಟಿದ ಹಳೇ ಲೇಖಕ ಅದನ್ನು ಹಿಂದಿರುಗಿಸಬೇಕಾಯಿತು! ನಮ್ಮಲ್ಲಾದರೆ ಹಿಂದಿರುಗಿಸುತ್ತಿದ್ದರೋ ಇಲ್ಲವೋ, ಆ ಮಾತು ಇಲ್ಲಿ ಬೇಡ.

ಈಗ ಸೇಬಿನ ಕಥೆ. ಸಿಂಕ್ಲೇರ್ ಹತ್ತು ವರ್ಷದ, ಒಳ್ಳೆಯ ಮನೆತನದ ಹುಡುಗ. ದರ್ಜಿಯ ಮಗ ಫ್ರಾಂಜ್ ಕ್ರೋಮರ್ ಪೋಕರಿ. ಉಳಿದ ಹುಡುಗರೆಲ್ಲ ತಾವು ಮಾಡಿದ ಕಿತಾಪತಿ ಹೇಳಿಕೊಂಡು ಮೆರೆಯುತ್ತಾರೆ. ಇವನ ಹತ್ತಿರ ಹೇಳಲು ಏನೂ ಇಲ್ಲ. ಸುಮ್ಮನಿದ್ದರೆ ಮರ್ಯಾದೆ ಹೋಗುತ್ತದೆ. ರಾತ್ರಿ ಒಂದು ತೋಟಕ್ಕೆ ನುಗ್ಗಿ ಮೂಟೆ ಸೇಬು ಕದ್ದೆವು, ಅದೂ ಸಾಮಾನ್ಯ ಸೇಬಲ್ಲ, ಒಳ್ಳೇ ಜಾತಿಯದು ಅಂತ ಬಿಡುತ್ತಾನೆ. ‘ದೇವರಾಣೆ ಹೇಳು’ ಅನ್ನುತ್ತಾನೆ ಕ್ರೋಮರ್. ಇವನು ಆಣೆಯನ್ನೂ ಹಾಕುತ್ತಾನೆ. ಮನೆ ಬಾಗಿಲವರೆಗೆ ಹಿಂದೆಯೇ ಬಂದ ಕ್ರೋಮರ್ ಹೇಳುತ್ತಾನೆ, ‘ಕಳ್ಳನನ್ನು ಹಿಡಿದುಕೊಟ್ಟವರಿಗೆ ತೋಟದವನು ಎರಡು ಮಾರ್ಕ್ ದುಡ್ಡು ಕೊಡುತ್ತಾನಂತೆ. ನೀನೆಷ್ಟು ಕೊಡುತ್ತೀ?’

ಮನೆಯೊಳಗೆ ಹೋದರೆ ಅಪ್ಪ ಗದರುತ್ತಾನೆ, ಯಾವುದಕ್ಕೆ? ಒದ್ದೆ ಬೂಟಿಗೆ! ಹುಡುಗನ ತಲೆಯಲ್ಲಿ ಪಾತಕ ಸುತ್ತುತ್ತಿದೆ, ಅಪ್ಪನಿಗೆ ಕಾಣುವುದು ಬೂಟಿನ ಕೊಳೆ. ಆ ಕ್ಷಣ ಹುಡುಗನಿಗೆ ಅಪ್ಪನ ಮೇಲೆ ಸಣ್ಣದೊಂದು ತಾತ್ಸಾರ ಹುಟ್ಟುತ್ತದೆ. ಆಮೇಲೆ ತನ್ನದೇ ಹುಂಡಿಯ ತೆಳು ತಗಡು ಕಿತ್ತು ದುಡ್ಡು ತೆಗೆಯುತ್ತಾನೆ. ಇರುವುದು 65 ಫೆನ್ನಿಗ್, ಅಂದರೆ ಒಂದು ಮಾರ್ಕೂ ಇಲ್ಲ. ತಗಡು ಕಿತ್ತಾಗ ಅವನಿಗೆ ಅನಿಸುತ್ತದೆ, ಈಗ ನಾನು ನಿಜವಾಗಿ ಕದ್ದೆ. ಕದಿಯದ ಸೇಬಿಗೆ ದಂಡ ಕಟ್ಟಲು ಹೋಗಿ ಕಳ್ಳನಾದ!

ಈಗ ಹೇಳಿ, ಇದಕ್ಕೆ ‘ನೆರಳು’ ಅಂತ ಚೀಟಿ ಅಂಟಿಸಿದರೆ ಆ ಬೂಟು ಎಲ್ಲಿ ಹೋಯಿತು? ಆ ತಗಡು ಎಲ್ಲಿ ಹೋಯಿತು? ಐದು ಅಂಕದಲ್ಲಿ ಅವಕ್ಕೆ ಜಾಗವಿಲ್ಲ.

ಪುರಾಣಕ್ಕೆ ಬರೋಣ. ಡೆಮಿಯಾನ್ ಶಾಲೆಗೆ ಹೊಸದಾಗಿ ಬಂದ ಹುಡುಗ. ಅವನು ಸಿಂಕ್ಲೇರನಿಗೆ ಬೈಬಲ್ಲಿನ ಆದಿಕಾಂಡದ ಕಾಯಿನನ ಕಥೆಯನ್ನೇ ತಿರುಗಿಸಿ ಹೇಳುತ್ತಾನೆ. ತಮ್ಮನನ್ನು ಕೊಂದದ್ದಕ್ಕೆ ಕಾಯಿನನ ಮೇಲೆ ಗುರುತು ಬಿತ್ತು ಅಂತ ನಾವು ಕೇಳಿದ್ದು. ಇವನ ಪ್ರಕಾರ ಗುರುತೇ ಮೊದಲು. ಆ ಮನುಷ್ಯನ ಮುಖದಲ್ಲಿ, ನೋಟದಲ್ಲಿ ಉಳಿದವರನ್ನು ಹೆದರಿಸುವ ಏನೋ ಒಂದಿತ್ತು. ಹೆದರಿದವರು ತಮ್ಮ ಹೇಡಿತನ ಮುಚ್ಚಿಕೊಳ್ಳಲು ಕಥೆ ಕಟ್ಟಿದರು.

ಮಂಗಳೂರಿನವರಿಗೆ ಇದನ್ನು ನಾನು ವಿವರಿಸಬೇಕೇ? ತಾಳಮದ್ದಳೆಯಲ್ಲಿ ವಾಲಿವಧೆ ಇಟ್ಟಾಗ ನೀವು ರಾತ್ರಿ ನಿದ್ದೆಗೆಟ್ಟು ಕೂರುವುದು ಯಾಕೆ? ಭಾಗವತರ ಪದ್ಯ ಬದಲಾಗುವುದಿಲ್ಲ, ಬಾಣ ತಪ್ಪುವುದಿಲ್ಲ. ಆದರೂ ಗಟ್ಟಿ ಅರ್ಥಧಾರಿ ವಾಲಿಯಾಗಿ ಕೂತು, ಮರೆಯಲ್ಲಿ ನಿಂತು ಹೊಡೆದ ನಿನ್ನದು ಯಾವ ಧರ್ಮ ಅಂತ ಕೇಳುವಾಗ ಎದುರಿನ ರಾಮ ಬೆವರಬೇಕು. ಡೆಮಿಯಾನ್ ಕಾಯಿನನ ಪರ ಅರ್ಥ ಹೇಳಿದ ಅರ್ಥಧಾರಿ. ಕೇಳಿ ಮನೆಗೆ ಹೋದ ಸಿಂಕ್ಲೇರನಿಗೆ ನಿದ್ದೆ ಇಲ್ಲ. ಪುರಾಣ ಮನಸ್ಸಿನೊಳಗೆ ಕೆಲಸ ಮಾಡುವುದು ಹೀಗೆ. ಪಟ್ಟಿ ಹಿಡಿದವನಿಗೆ ಮಾತ್ರ ಒಳ್ಳೇ ನಿದ್ದೆ ಬರುತ್ತದೆ.

ಅಂದ ಹಾಗೆ, ಹೆಸ್ಸೆ ನಮಗೆ ಅಷ್ಟೇನೂ ದೂರದವರಲ್ಲ. ಅಮ್ಮ ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಅಮ್ಮನ ಅಪ್ಪ ಬಾಸೆಲ್ ಮಿಷನ್ನಿನ ಗುಂಡರ್ಟ್, ಮಲಯಾಳ ನಿಘಂಟು ಮಾಡಿದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ನಮ್ಮ ಮೋಗ್ಲಿಂಗರು ಇವರ ಗೆಳೆಯರು, ಮೋಗ್ಲಿಂಗರ ಜೀವನಚರಿತ್ರೆ ಬರೆದವರೂ ಇವರೇ. ಮೊಮ್ಮಗ 1911ರಲ್ಲಿ ಈ ಕಡೆ ಹಡಗು ಹತ್ತಿ, ಸಿಲೋನ್, ಸುಮಾತ್ರ ನೋಡಿ, ಅಮ್ಮನ ಊರು ಮುಟ್ಟದೆ ಹಿಂದೆ ಹೋದರು.

ಚೀಟಿ ಬಂತು. ‘ಐದು ನಿಮಿಷ’ ಅಂತ ಇದೆ. ಅಧ್ಯಕ್ಷರ ಅಕ್ಷರ ಚೆನ್ನಾಗಿದೆ.

ಸಿಂಕ್ಲೇರನ ಕುಡಿತ, ಅವನು ದೂರದಿಂದ ಮೆಚ್ಚಿದ ಹುಡುಗಿ ಬೆಯಾಟ್ರಿಸ್‌ಳ ಚಿತ್ರ ಬರೆಯಲು ಹೋಗಿ ಯಾರ್‍ಯಾರದೋ ಮುಖ ಮೂಡಿದ್ದು, ಇವನ್ನು ನೀವೇ ಓದಿಕೊಳ್ಳಿ. ಆರ್ಗನ್ ನುಡಿಸುವ ಪಿಸ್ಟೋರಿಯಸ್ ಪಾತ್ರಕ್ಕೆ ಡಾಕ್ಟರ್ ಲಾಂಗ್ ಅವರೇ ಮಾದರಿ. ಹುಡುಗ ಒಂದು ದಿನ ಆ ಗುರುವಿನ ಮಾತೆಲ್ಲ ಹಳಸಲು ಅನ್ನುತ್ತಾನೆ. ತನಗೆ ಮದ್ದು ಕೊಟ್ಟ ವೈದ್ಯನ ಬಗ್ಗೆ ಹೀಗೆ ಬರೆಯಲು ಧೈರ್ಯ ಬೇಕು. ಈವಾ ಅಮ್ಮನ ವಿಷಯ ಬೇಕಾದವರು ಚಹಾ ಹೊತ್ತಿಗೆ ಹಿಡಿಯಿರಿ.

ಒಂದು ತಕರಾರು ಮಾತ್ರ ಹೇಳದೆ ಇಳಿಯಲಾರೆ. ಮೊಟ್ಟೆ ಒಡೆದು ಹೊರಬರಲು ಒದ್ದಾಡುವ ಹಕ್ಕಿಯ ಚಿತ್ರ ಕಾದಂಬರಿಯ ಉದ್ದಕ್ಕೂ ಬರುತ್ತದೆ. ಆ ಮೊಟ್ಟೆಯೇ ಲೋಕ. ಒಬ್ಬ ಹುಡುಗನ ಒಳಗೆ ಅದು ನಡೆಯುವಷ್ಟು ಕಾಲ ಸರಿ. ಕೊನೆಯಲ್ಲಿ ಹೆಸ್ಸೆ ಅದೇ ಹಕ್ಕಿಯನ್ನು ಮಹಾಯುದ್ಧದ ಮೇಲೆ ಹಾರಿಸುತ್ತಾರೆ. ಕೊಲ್ಲುವುದೂ ಸಾಯುವುದೂ ಹೊಸ ಹುಟ್ಟಿನ ನೋವು ಎಂಬ ಹಾಗೆ. ಯುದ್ಧೋನ್ಮಾದದ ವಿರುದ್ಧ ಬರೆದು ತಮ್ಮವರಿಂದಲೇ ಬೈಗುಳ ತಿಂದ, ಬರ್ನ್‌ನಲ್ಲಿ ಕೂತು ಯುದ್ಧಕೈದಿಗಳಿಗೆ ಪುಸ್ತಕ ಕಳಿಸುತ್ತಿದ್ದ ಮನುಷ್ಯ ಇದನ್ನು ಹೇಗೆ ಬರೆದರು? ಒಬ್ಬನ ಮನಸ್ಸಿಗೆ ಹೊಂದಿದ ಪುರಾಣವನ್ನು ಇಡೀ ಯುರೋಪಿಗೆ ತೊಡಿಸಿದ್ದು ನನಗೆ ಒಪ್ಪಿಗೆಯಿಲ್ಲ. ಕಂದಕದಿಂದ ಬದುಕಿ ಬಂದ ಹುಡುಗರು ಆಗ ಈ ಪುಸ್ತಕವನ್ನು ಮುಗಿಬಿದ್ದು ಓದಿದರು ಎನ್ನುವುದೂ ನಿಜ, ಅದೂ ನನಗೆ ಎದುರು ವಾದವೇ. ಹೆಸ್ಸೆಯ ಪರ ಅರ್ಥ ಹೇಳುವವರು ಸಭೆಯಲ್ಲಿ ಯಾರಾದರೂ ಇದ್ದರೆ ಬನ್ನಿ, ಮೈಕ್ ಬಿಡುತ್ತೇನೆ.