ಬೈಕ್ ಸವಾರರ ಹಕ್ಕು: ಯುಗಾದಿಯಿಂದ ಭರಣಿ ಮಳೆಯವರೆಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಯುಗಾದಿ ಹತ್ತಿರವಾಗಿದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ಹೊಂಗೆ ಮರಗಳು ಹಳೆಯ ಎಲೆ ಉದುರಿಸಿ ಎಳೆಹಸಿರಾಗಿವೆ. ಇನ್ನು ಕೆಲವೇ ದಿನಗಳಲ್ಲಿ ಅವುಗಳ ಹೂವು ರಸ್ತೆಯ ಅಂಚಿಗೆ ಹಾಸಿದಂತೆ ಬಿದ್ದಿರುತ್ತದೆ. ಬೆಳಗಿನ ಜಾವ ರೇಷ್ಮೆ ಗೂಡಿನ ಮೂಟೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ರೈತರು, ಎರಡೂ ಬದಿಗೆ ಕ್ಯಾನು ಇಳಿಬಿಟ್ಟು ಡೇರಿಗೆ ಹಾಲು ಹಾಕಲು ಹೋಗುವ ಹುಡುಗರು, ಭಾನುವಾರದ ಸೂರ್ಯೋದಯ ನೋಡಲು ನಂದಿ ಬೆಟ್ಟದ ತಿರುವುಗಳನ್ನು ಏರುವ ಬೆಂಗಳೂರಿನ ಯುವಕರು, ಇವರೆಲ್ಲರೂ ಇದೇ ರಸ್ತೆಗಳ ಸವಾರರು. ಇವರಲ್ಲಿ ಒಬ್ಬರಲ್ಲ ಒಬ್ಬರು ಕೈಗೋ ಕಾಲಿಗೋ ಪಟ್ಟಿ ಕಟ್ಟಿಸಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ ಹಿಡಿದು ನನ್ನಂಥ ವಕೀಲರ ಕಚೇರಿಗೆ ಬರುತ್ತಾರೆ. ಅಪಘಾತ ಪರಿಹಾರದ ಮೊಕದ್ದಮೆಗಳನ್ನು ವರ್ಷಗಳಿಂದ ನಡೆಸುತ್ತಾ ನನಗೆ ಮನವರಿಕೆಯಾಗಿರುವುದು ಇಷ್ಟು: ಸವಾರರು ಕಳೆದುಕೊಳ್ಳುವ ಹಕ್ಕುಗಳಲ್ಲಿ ಬಹುಪಾಲು ಅಪಘಾತಕ್ಕೆ ಮುಂಚೆಯೇ, ವಿಮೆಯ ಕಾಗದವನ್ನು ಓದದೆ ಮಡಿಚಿಟ್ಟ ದಿನವೇ, ಕೈಬಿಟ್ಟು ಹೋಗಿರುತ್ತವೆ.

ಮೊದಲು ರಸ್ತೆಯ ಮಾತನ್ನು ಹೇಳಿಬಿಡುತ್ತೇನೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ನಮ್ಮ ಹಿರಿಯರು ಆಸೆಯಿಂದ ಕಾಯುವ ಮಳೆ ಅದು. ಆದರೆ ತಿಂಗಳುಗಟ್ಟಲೆ ಒಣಗಿದ ಡಾಂಬರಿನ ಮೇಲೆ ಲಾರಿ, ಟ್ರ್ಯಾಕ್ಟರುಗಳಿಂದ ಸೋರಿದ ಎಣ್ಣೆ, ಹೊಲದಿಂದ ಹಾರಿ ಬಂದ ಮಣ್ಣು, ಉದುರಿದ ಹೂವು ಎಲ್ಲವೂ ಕುಳಿತಿರುತ್ತವೆ. ಮೊದಲ ಹನಿಗಳು ಇವನ್ನು ತೊಳೆಯುವುದಿಲ್ಲ, ಕಲಸುತ್ತವೆ. ಜೋರು ಮಳೆ ಬಂದು ಆ ಲೇಪ ಕೊಚ್ಚಿಹೋಗುವವರೆಗೆ, ಅಂದರೆ ಮೊದಲ ಕಾಲು ಗಂಟೆ ಅರ್ಧ ಗಂಟೆ, ಎಲ್ಲಾದರೂ ಸೂರಿನಡಿ ನಿಲ್ಲುವುದು ಸವಾರನು ಮಾಡಬಹುದಾದ ಅತ್ಯುತ್ತಮ ಕೆಲಸ. ಮಿಂಚು ಗುಡುಗು ಇದ್ದರೆ ಮರದ ಕೆಳಗೆ ಮಾತ್ರ ನಿಲ್ಲಬಾರದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯವಾಗಿದೆ. ಆದರೆ ಹಳ್ಳಿಗಳಲ್ಲಿ ಇಂದಿಗೂ ಓಡಾಡುವ ಹಳೆಯ ಗಾಡಿಗಳಲ್ಲಿ ಅದಿಲ್ಲ. ಅವುಗಳಲ್ಲಿ ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಗಾಡಿ ಜಾರುವುದು ಖಂಡಿತ. ವೇಗವನ್ನು ತಿರುವಿಗೆ ಮೊದಲೇ, ನೇರ ದಾರಿಯಲ್ಲೇ, ಇಳಿಸಿಕೊಂಡಿರಬೇಕು.

ಅಂಥದೇ ಒಂದು ಮೊದಲ ಮಳೆಯ ಸಂಜೆ ಶಿಡ್ಲಘಟ್ಟ ತಾಲ್ಲೂಕಿನ ರೈತರೊಬ್ಬರು ಗೂಡು ಮಾರಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹಿಂದಿರುಗುತ್ತಿದ್ದರು. ಎದುರಿಗೆ ಯಾವ ವಾಹನವೂ ಇರಲಿಲ್ಲ. ತಿರುವಿನಲ್ಲಿ ಬೈಕು ಜಾರಿತು. ಅವರಿಗೆ ತರಚಿದ ಗಾಯವಷ್ಟೇ ಆಯಿತು, ಆದರೆ ಹೆಂಡತಿಯ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಮೂರು ತಿಂಗಳ ನಂತರ ಊರುಗೋಲು ಹಿಡಿದು ನನ್ನ ಕಚೇರಿಗೆ ಬಂದ ಆ ತಾಯಿ ವಿಮೆಯ ಕಾಗದವನ್ನು ಮೇಜಿನ ಮೇಲಿಟ್ಟು, "ಇನ್ಶೂರೆನ್ಸ್ ತಪ್ಪದೆ ಕಟ್ಟಿದ್ದೀವಿ ಸಾರ್" ಎಂದರು. ಕಟ್ಟಿದ್ದು ನಿಜ. ಅವಧಿಯೂ ಮುಗಿದಿರಲಿಲ್ಲ. ಆದರೆ ಅದು ಥರ್ಡ್ ಪಾರ್ಟಿ ಪಾಲಿಸಿ. ಕೆಲವು ನೂರು ರೂಪಾಯಿ ಉಳಿಯುತ್ತದೆಂದು ಅದನ್ನೇ ಮಾಡಿಸಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ದಯವಿಟ್ಟು ಗಮನವಿಟ್ಟು ಕೇಳಿ. ಥರ್ಡ್ ಪಾರ್ಟಿ ವಿಮೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯನ್ನು ತುಂಬಿಕೊಡುತ್ತದೆ. ಆದರೆ ದ್ವಿಚಕ್ರ ವಾಹನದ ಹಿಂದಿನ ಸವಾರರು ಈ ಪಾಲಿಸಿಯ ಅರ್ಥದಲ್ಲಿ ಬೇರೆಯವರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲೇ ಹೇಳಿದೆ. ಜನ ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪ್ಯಾಕೇಜ್ ಪಾಲಿಸಿ ಇದ್ದರೆ, ಇಲ್ಲವೇ ಹಿಂದಿನ ಸವಾರರಿಗಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ಅವರಿಗೆ ನಿಮ್ಮ ವಿಮೆಯ ರಕ್ಷಣೆ ದೊರೆಯುತ್ತದೆ. ಇನ್ನೊಂದು ವಾಹನದ ತಪ್ಪಿನಿಂದ ಅಪಘಾತವಾಗಿದ್ದರೆ ಹಿಂದೆ ಕುಳಿತವರು ಆ ವಾಹನದ ವಿಮಾ ಕಂಪನಿಯಿಂದ ಪರಿಹಾರ ಪಡೆಯಬಹುದು. ನಮ್ಮದೇ ಗಾಡಿ ಜಾರಿ ಬಿದ್ದಾಗ ಆ ದಾರಿಯೂ ಇರುವುದಿಲ್ಲ. ಆ ತಾಯಿ ಪರಿಹಾರ ಕೇಳಬೇಕಾಗಿದ್ದರೆ ಗಾಡಿಯ ಮಾಲೀಕರನ್ನು, ಅಂದರೆ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ತಮ್ಮ ಗಂಡನನ್ನೇ, ಎದುರುಪಕ್ಷದವರನ್ನಾಗಿ ಮಾಡಬೇಕಾಗಿತ್ತು. ಇದನ್ನು ಅವರಿಗೆ ಬಿಡಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಮಾಲೀಕನೇ ಓಡಿಸುತ್ತಾ ತಾನಾಗಿ ಬಿದ್ದರೂ ಥರ್ಡ್ ಪಾರ್ಟಿ ವಿಮೆ ಅವನಿಗೆ ಒದಗುವುದಿಲ್ಲ. ಅವನಿಗೆ ಇರುವುದು ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ, ಅದರ ಮೊತ್ತ 15 ಲಕ್ಷ ರೂಪಾಯಿ. ಸಾವು ಸಂಭವಿಸಿದರೆ ಕುಟುಂಬಕ್ಕೆ ಬರುವ ಈ ಹಣ, ಸವಾರನ ಬಳಿ ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇಲ್ಲದಿದ್ದರೆ ಬರುವುದಿಲ್ಲ. ಸ್ನೇಹಿತನ ಬೈಕನ್ನು ಕೇಳಿ ತಂದು ಓಡಿಸುವವನು ಕಾಯ್ದೆಯ ದೃಷ್ಟಿಯಲ್ಲಿ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಆದ್ದರಿಂದ ತಾನಾಗಿ ಬಿದ್ದರೆ ಅವನಿಗೂ ಮೂರನೆಯವನೆಂಬ ಹಕ್ಕು ಇಲ್ಲ. ಹಬ್ಬಕ್ಕೆ ಬಂದ ಭಾವನಿಗೆ, ಬಾಮೈದನಿಗೆ ಬೀಗದ ಕೈ ಕೊಡುವ ಮುನ್ನ ಇದು ನೆನಪಿರಲಿ.

ಹೆಲ್ಮೆಟ್ಟಿನ ವಿಷಯವಾಗಿ ಪೊಲೀಸರು ಹೇಳುವುದನ್ನು ನೀವು ದಿನವೂ ಕೇಳುತ್ತೀರಿ, ನಾನು ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಲದು, ಅದರ ಪಟ್ಟಿ ಗದ್ದದಡಿ ಬಿಗಿದಿರಬೇಕು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ, ಹಿಂದೆ ಕೂರುವವರಿಗೂ, ಇದು ಅನ್ವಯಿಸುತ್ತದೆ. ಪಟ್ಟಿ ಬಿಗಿಯದ ಹೆಲ್ಮೆಟ್ ಬೀಳುವ ಮೊದಲ ಕ್ಷಣದಲ್ಲೇ ಕಳಚಿ ಹಾರಿಹೋಗುತ್ತದೆ. ಅಪಘಾತದ ಸ್ಥಳದಲ್ಲಿ ಒಂದು ಗೀರೂ ಇಲ್ಲದೆ ದೂರದಲ್ಲಿ ಬಿದ್ದಿದ್ದ ಹೆಲ್ಮೆಟ್ಟಿನ ಚಿತ್ರವನ್ನು ಮೊಕದ್ದಮೆಯ ಕಡತದಲ್ಲಿ ನಾನು ಒಮ್ಮೆಗಿಂತ ಹೆಚ್ಚು ಸಲ ನೋಡಿದ್ದೇನೆ.

ಮಾರ್ಚ್ ತಿಂಗಳು ಪರೀಕ್ಷೆಯ ತಿಂಗಳು. ಪರೀಕ್ಷಾ ಕೇಂದ್ರ ದೂರವೆಂದು ಪಿಯುಸಿ ಓದುವ ಮಗನ ಕೈಗೆ ಸ್ಕೂಟರ್ ಕೊಡುವ ತಂದೆ ತಾಯಿಯರು, ಗೇರ್ ಇಲ್ಲದ ಗಾಡಿ ತಾನೆ, ಪರವಾಗಿಲ್ಲ ಎಂದುಕೊಳ್ಳುತ್ತಾರೆ. 16 ವರ್ಷ ತುಂಬಿದವರಿಗೆ ಕಾಯ್ದೆ ಅನುಮತಿಸುವುದು 50 ಸಿಸಿ ಮೀರದ ಗಾಡಿಯನ್ನು, ಅದೂ ಲೈಸೆನ್ಸ್ ಇದ್ದರೆ ಮಾತ್ರ. ಇಂದು ಮನೆ ಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಅದರ ಎರಡು ಪಟ್ಟಿಗಿಂತ ದೊಡ್ಡವು. 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹಾಗೆಯೇ ಯುಗಾದಿಯ ಮರುದಿನದ ಹೊಸತೊಡಕು. ಬಾಡೂಟ ಮುಗಿಸಿ ಊರಿಂದ ಊರಿಗೆ ಹೊರಡುವ ಆ ಮಧ್ಯಾಹ್ನ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶ ಇದ್ದರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸಜೆ, 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕುಡಿದವರು ಅಂದು ನೆಂಟರ ಮನೆಯ ಜಗುಲಿಯಲ್ಲೇ ಮಲಗಿದರೆ ಯಾರಿಗೂ ನಷ್ಟವಿಲ್ಲ.

ತಪಾಸಣೆಗೆ ತಡೆದಾಗ ಗಾಡಿ ನಿಲ್ಲಿಸುವುದು ನಿಮ್ಮ ಕರ್ತವ್ಯ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ದಾಖಲೆಗಳನ್ನು ಮೊಬೈಲಿನಲ್ಲೇ ತೋರಿಸುವುದು ಮತ್ತು ಕಟ್ಟಿದ ದಂಡಕ್ಕೆ ರಸೀದಿ ಕೇಳಿ ಪಡೆಯುವುದು ನಿಮ್ಮ ಹಕ್ಕು. ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರಿಯೇ ಅದನ್ನು ಮುರಿದರೆ ಅವರಿಗೆ ಇಮ್ಮಡಿ ದಂಡವೆಂದು 210ಬಿ ಕಲಮು ಹೇಳುತ್ತದೆ.

ಇನ್ನು ರಸ್ತೆಯಲ್ಲಿ ಯಾರಾದರೂ ಬಿದ್ದಿರುವುದನ್ನು ಕಂಡರೆ ಸಾಕ್ಷಿ ಹೇಳಲು ಅಲೆಯಬೇಕಾದೀತೆಂದು ದಾಟಿ ಹೋಗಬೇಡಿ. ನೆರವಾದವರನ್ನು ರಕ್ಷಿಸುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮ ಕರ್ನಾಟಕ. ಬಳಿಕ ಕೇಂದ್ರದ ಕಾಯ್ದೆಗೂ 134ಎ ಕಲಮು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ನಗದಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕಿದೆ. ಗುದ್ದಿದ ವಾಹನ ಪತ್ತೆಯಾಗದೆ ಹೋದರೂ ಮೃತರ ಕುಟುಂಬಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದೇನಿಲ್ಲ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಆದರೆ ಈಗಿನ ಕಾಯ್ದೆ ಇದಕ್ಕೆ ಆರು ತಿಂಗಳ ಗಡುವು ಹೇಳುತ್ತದೆ. ಗಾಯ ಮಾಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ವಕೀಲರಿಗೆ ಹಣ ಹೊಂದಿಸಲಾಗದ ಬಡವರು, ಹಾಗೆಯೇ ಆದಾಯ ಎಷ್ಟೇ ಇದ್ದರೂ ಎಲ್ಲ ಮಹಿಳೆಯರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಅದರ ಸಹಾಯವಾಣಿ 15100.

ಆ ದಂಪತಿ ಕಳೆದ ತಿಂಗಳು ಮತ್ತೆ ಬಂದಿದ್ದರು. ವಿಮೆಯನ್ನು ನವೀಕರಿಸಿದ್ದರು, ಈ ಸಲ ಪ್ಯಾಕೇಜ್ ಪಾಲಿಸಿ. ಆ ತಾಯಿ ಈಗ ಊರುಗೋಲಿಲ್ಲದೆ, ಸ್ವಲ್ಪ ಕುಂಟುತ್ತಾ ನಡೆಯುತ್ತಾರೆ. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟು, "ಹಿಂದೆ ಕೂರೋರ ವಿಷ್ಯ ಎಲ್ಲಿ ಬರ್ದಿದ್ದಾರೆ, ಬೆರಳಿಟ್ಟು ತೋರ್ಸಿ ಸಾರ್" ಎಂದು ಕೇಳಿದರು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಗಂಡನಿಂದ ಪೆನ್ನು ಇಸಿದುಕೊಂಡು ಆ ಸಾಲಿನ ಕೆಳಗೆ ಗೆರೆ ಎಳೆದು, ಕಾಗದವನ್ನು ಮಡಿಚಿ ತಮ್ಮ ಚೀಲದಲ್ಲಿಯೇ ಇಟ್ಟುಕೊಂಡರು.

ನಮಸ್ಕಾರ.